ಹತ್ತೊಂಬತ್ತು ದಿನದ ಹಸಿರು

ನರಹರಿಯವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅದನ್ನು ಅವರು ಮುಚ್ಚಿಟ್ಟವರಲ್ಲ, ಹೇಳಿಕೊಂಡು ತಿರುಗಿದವರೂ ಅಲ್ಲ. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದರು. ಯಾರು ಫೋನೆತ್ತಿ ‘ಹಲೋ’ ಅಂದರೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ತಾನಾಗಿಯೇ ಲೈನು ಜೋಡಿಸುವ ಹೊಸ ಯಂತ್ರ ಕಚೇರಿಗೆ ಬಂದಮೇಲೆ ಸ್ವಯಂ ನಿವೃತ್ತಿ ಪಡೆದು, ವಿಧವೆ ಅಕ್ಕ ಕಮಲಾಕ್ಷಿಯ ಜೊತೆ ಕೂಕಟ್‌ಪಲ್ಲಿಯ ಮೂರನೆಯ ಮಹಡಿಯ ಫ್ಲಾಟಿನಲ್ಲಿ ನೆಲೆಸಿದರು. ಆಗ ಊರಿಗೆ ಊರೇ ಸಾಫ್ಟ್‌ವೇರ್ ಕಂಪನಿಗಳ ಕಡೆ ಮುಖ ಮಾಡಿತ್ತು. ಬೆಳಗಾದರೆ ಅವರ ಗಲ್ಲಿಯಲ್ಲಿ ಕಂಪನಿ ಬಸ್ಸುಗಳ ಹಾರ್ನು, ಹತ್ತರ ಮೇಲೆ ಕೋಚಿಂಗ್ ಕ್ಲಾಸಿನ ಹುಡುಗರ ಗದ್ದಲ. ಅದರ ನಡುವೆ ನರಹರಿಯವರಿಗೆ ಮಾಡಲು ಏನೂ ಕೆಲಸವಿರಲಿಲ್ಲ.

ಕೆಲಸ ಕೊಟ್ಟವಳು ಸುಹಾಸಿನಿ. ಮೈಸೂರಿನವಳು, ಮಾಧಾಪುರದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವಳು. ಮಗಳು ತನ್ವಿ ಏಳನೆಯ ತರಗತಿಯಲ್ಲೇ ಐಐಟಿ ಫೌಂಡೇಶನ್ ಕ್ಲಾಸಿಗೆ ಹೋಗಿ ಬಂದು ಹೊಟ್ಟೆನೋವು ಎಂದು ಅಳುವುದನ್ನು ಒಂದು ವರ್ಷ ನೋಡಿ, ಶಾಲೆಯನ್ನೂ ಬಿಡಿಸಿದಳು, ತಾನೂ ಕೆಲಸ ಬಿಟ್ಟಳು. ಮನೆಯಲ್ಲೇ ಕಲಿಸತೊಡಗಿದಳು. ಕನ್ನಡ ಸಂಘದಲ್ಲಿ ನರಹರಿಯವರು ‘ತಿಳಿಯುವುದು ಅಂದರೇನು’ ಎಂದು ಅರ್ಧ ಗಂಟೆ ಮಾತಾಡಿದ್ದನ್ನು ಕೇಳಿದವಳು ಮರುದಿನವೇ ಅವರ ಮನೆಗೆ ಬಂದಳು.

“ಸರ್, ಗಣಿತ, ವಿಜ್ಞಾನ ನಾನು ಹೇಳ್ಕೊಡ್ತೀನಿ. ಇದನ್ನ ನೀವು ಹೇಳ್ಕೊಡಿ. ಪರೀಕ್ಷೆ ಬೇಡ, ಪಾಠ ಬೇಡ, ಬರೀ ಮಾತಾಡಿಸಿ.”

“ಮಾತಾಡೋದು ನನ್ನ ಕಸಬರೀ,” ಎಂದರು ನರಹರಿ. “ಇಪ್ಪತ್ತಾರು ವರ್ಷ ಮಾಡೀನಿ.”

ಹಾಗೆ ಶನಿವಾರದ ತರಗತಿ ಶುರುವಾಯಿತು. ಹದಿನೈದರ ತನ್ವಿ, ಹದಿನಾರರ ರೋಹಿತ, ಹದಿಮೂರರ ಭಕ್ತಿ, ಮೂರೇ ಜನ. ರೋಹಿತ ಉಡುಪಿ ಕಡೆಯವನು, ಯಾವ ಮಾತಿಗೂ ‘ಅದು ಹೇಗೆ’ ಅನ್ನದೆ ಬಿಡದವನು. ಭಕ್ತಿಯ ಮನೆತನ ನಿಜಾಮರ ಕಾಲದಲ್ಲೇ ಯಾದಗಿರಿಯಿಂದ ನೌಕರಿಗೆ ಬಂದು ಇಲ್ಲೇ ಉಳಿದದ್ದು. ಅವಳ ಮಾತು ಕಡಿಮೆ, ನಗು ಜಾಸ್ತಿ.

ಮೊದಲ ದಿನ ನರಹರಿ ಕೇಳಿದ್ದು, “ನನ್ನ ಅಡಿಗಿ ಮನ್ಯಾಗ ಬೆಕ್ಕು ಐತೋ ಇಲ್ಲೋ?”

ರೋಹಿತ ಎದ್ದು ಹೋಗಿ ನೋಡಿಬಂದ. “ಇಲ್ಲ ಸರ್.”

“ನೀ ಅಲ್ಲಿ ಏನೇನು ನೋಡಿದಿ?”

“ಗ್ಯಾಸ್, ಪಾತ್ರೆ, ಅಕ್ಕಿ ಡಬ್ಬಿ.”

“ಬೆಕ್ಕು ಇಲ್ಲದಿರೋದನ್ನ ಎಲ್ಲಿ ನೋಡಿದಿ? ಗ್ಯಾಸಿನ ಬಾಜೂಕೋ, ಡಬ್ಬಿ ಹಿಂದೋ?”

ಮೂವರೂ ಎರಡು ತಾಸು ಅದೇ ಬೆಕ್ಕಿನ ಹಿಂದೆ ಬಿದ್ದರು. ಹೊರಡುವಾಗ ಮೆಟ್ಟಿಲ ಮೇಲೂ ಜಗಳ ಮುಂದುವರಿದಿದ್ದು ನರಹರಿಯವರಿಗೆ ಕೇಳಿಸಿತು. ಆ ರಾತ್ರಿ ಊಟಕ್ಕೆ ಎರಡು ರೊಟ್ಟಿ ಹೆಚ್ಚು ತಿಂದರೆಂದು ಕಮಲಾಕ್ಷಿ ಆಮೇಲೆ ಎಲ್ಲರ ಮುಂದೆ ಹೇಳುತ್ತಿದ್ದಳು.

ತನ್ವಿ ತಾನಾಗಿಯೇ ಇನ್ನೊಂದು ಕೆಲಸ ಹಚ್ಚಿಕೊಂಡಳು. ಶನಿವಾರ ಒಂದು ತಾಸು ಮೊದಲೇ ಬಂದು ಸರ್‌ಗೆ ವಾರದ ಪತ್ರಿಕೆಗಳನ್ನು ಓದಿ ಹೇಳುವುದು. ಸ್ಪಷ್ಟ ದನಿ, ಅವಸರವಿಲ್ಲ. ಆ ಒಂದು ತಾಸಿಗಾಗಿ ನರಹರಿ ಶುಕ್ರವಾರದಿಂದಲೇ ಕಾಯುತ್ತಿದ್ದರು.

ಎರಡು ಸಾವಿರದ ಏಳರ ಮಾರ್ಚಿನಲ್ಲಿ ಚರ್ಚೆ ಬೇರೆಯವರ ಮಾತಿನಿಂದ ಬರುವ ತಿಳಿವಳಿಕೆಯ ಕಡೆ ಹೊರಳಿತು. ನಂಬಿಗಸ್ತರು ಹೇಳಿದರೆ ಅದೂ ತಿಳಿವಳಿಕೆಯೇ, ಕಣ್ಣಿಂದ ನೋಡಿದ್ದಕ್ಕಿಂತ ಅದೇನೂ ಕಡಿಮೆಯಲ್ಲ ಎಂದು ನರಹರಿ ವಾದ ಹೂಡಿದರು. ತಾನು ಹಾಕಿದ ಅಂಗಿ ಬಿಳಿದು ಎಂದು ತನಗೆ ಗೊತ್ತಿರುವುದು ಅಕ್ಕ ಹೇಳಿದ್ದರಿಂದ.

“ಅಕ್ಕ ಸುಳ್ಳು ಹೇಳಿದ್ರೆ ಸರ್?” ರೋಹಿತ ಕೇಳಿದ.

“ಸುಳ್ಳಿಗೆ ಒಂಟಿಯಾಗಿ ಬಾಳಾಕ ಬರಂಗಿಲ್ಲಪಾ. ಅದು ಹತ್ತು ಮಂದಿ ನಡುವ ತಿರುಗಬೇಕು. ಒಬ್ಬರಿಲ್ಲ ಒಬ್ಬರ ಮಾತಿಗೆ ತಿಕ್ಕಿದ ಕೂಡಲೇ ಬಯಲಾಗ್ತೈತಿ. ನನ್ನ ಮುಂದ ಯಾವ ಸುಳ್ಳೂ ಮೂರು ದಿನದ ಮ್ಯಾಲ ನಿಂತಿಲ್ಲ.”

ಹೇಳಿದ ಮಾತಿನಲ್ಲಿ ಸ್ವಲ್ಪ ಜಂಬವಿತ್ತು. ಹುಡುಗ ಸುಮ್ಮನಾದ. ಅವನು ಸುಮ್ಮನಾದದ್ದು ಒಪ್ಪಿಕೊಂಡು ಎಂದು ನರಹರಿ ತಿಳಿದರು.

ಅದೇ ವಾರ ಕಮಲಾಕ್ಷಿ ಮಗಳ ಬಾಣಂತನಕ್ಕೆಂದು ಬೀದರಿಗೆ ಹೋದಳು. ಊಟಕ್ಕೆ ಹತ್ತಿರದ ಮೆಸ್ಸಿನಿಂದ ಕ್ಯಾರಿಯರ್ ಬರುವ ವ್ಯವಸ್ಥೆಯಾಯಿತು. ಅಪಾರ್ಟ್‌ಮೆಂಟಿಗೆ ಬಣ್ಣ ಹಚ್ಚುವವರೂ ಆಗಲೇ ಬಂದರು. ಗೋಡೆಗೆಲ್ಲ ಬಿದಿರು ಕಟ್ಟಿ, ಗೇಟಿನ ಮೇಲಿನ ಹೆಸರಿನ ಫಲಕ ಕಳಚಿಟ್ಟರು. ಮುಂದಿನ ಶನಿವಾರ ತನ್ವಿ ಪತ್ರಿಕೆ ಓದುತ್ತಿದ್ದಾಗ ಕಿಟಕಿಯಿಂದ ಹಸಿ ಬಣ್ಣದ ವಾಸನೆ ಬಂತು.

“ಯಾವ ಬಣ್ಣ ಹಚ್ಚಾಕತ್ತಾರವ್ವಾ?”

ಪತ್ರಿಕೆಯ ಹಾಳೆ ಒಮ್ಮೆ ಸದ್ದು ಮಾಡಿತು. “ಹಸಿರು ಸರ್,” ಎಂದಳು ತನ್ವಿ. “ತಿಳಿ ಹಸಿರು. ಚೆನ್ನಾಗಿದೆ.”

ನರಹರಿಯವರಿಗೆ ಹಸಿರು ಅಂದರೆ ಕೈಯಲ್ಲಿ ಮುರಿದ ಕೊತ್ತಂಬರಿಯ ವಾಸನೆ, ತೇವದ ತಂಪು. ಅವರಿಗೆ ನಿಜಕ್ಕೂ ಸಂತೋಷವಾಯಿತು. ಬೀದರಿಗೆ ಫೋನು ಮಾಡಿ ಅಕ್ಕನಿಗೂ ಹೇಳಿದರು. “ಪುಣ್ಯಾ ಬಂತು, ಎಲ್ಲಿ ಕಂಡ ಕಂಡ ಬಣ್ಣ ಬಳದು ಹೂವಿನಂಗಡಿ ಮಾಡಿಟ್ಟಾರೋ ಅಂತ ಹೆದರಿದ್ದೆ,” ಎಂದಳು ಅವಳು.

ಆ ಖುಷಿಯಲ್ಲೇ ಅವರು ಗುರುಸಿದ್ದಪ್ಪನವರನ್ನು ಮನೆಗೆ ಕರೆದರು. ಗುರುಸಿದ್ದಪ್ಪ ಹುಮನಾಬಾದಿನವರು, ಅದೇ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಡತ ಕಟ್ಟಿಡುವ ದಫ್ತರಿಯಾಗಿದ್ದವರು. ಕಲಿತದ್ದು ಏಳನೇ ಇಯತ್ತೆ. ನರಹರಿ ಅಂಚೆ ಮೂಲಕ ತತ್ತ್ವಶಾಸ್ತ್ರದ ಎಂ.ಎ. ಕಟ್ಟಿದಾಗ, ಎರಡು ವರ್ಷ, ದಿನವೂ ಊಟದ ಬಿಡುವಿನಲ್ಲಿ ಪಕ್ಕ ಕೂತು ಪುಸ್ತಕಗಳನ್ನು ಓದಿ ಹೇಳಿದವರು ಅವರು. ಈಗ ಎಪ್ಪತ್ತೊಂದು ವಯಸ್ಸು, ಕಿವಿ ಪೂರಾ ಮಂದ, ಉಪ್ಪಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಫೋನಿನಲ್ಲಿ ಅವರಿಗೆ ಏನೂ ಕೇಳದು. ಹೀಗಾಗಿ ಸೊಸೆ ನಳಿನಿಗೆ ನರಹರಿ ಗುರುತು ಹೇಳಿದರು: ಮಾರ್ಕೆಟ್ ಸ್ಟಾಪಿನಲ್ಲಿ ಇಳಿದು ಎಡಕ್ಕೆ ಎರಡನೇ ಗಲ್ಲಿ, ಹಸಿರು ಬಣ್ಣದ ಕಟ್ಟಡ, ಮೂರನೇ ಮಹಡಿ. “ಫಲಕ ತೆಗೆದಾರ. ಬಣ್ಣ ನೋಡಿಕೊಂಡು ಬರಾಕ ಹೇಳ್ರಿ. ಹೊಸಾ ಬಣ್ಣ, ಎದ್ದು ಕಾಣ್ತೈತಿ.”

ಬುಧವಾರ ಹನ್ನೊಂದಕ್ಕೆ ಬರಬೇಕಾದವರು ಬರಲಿಲ್ಲ. ಮೆಸ್ಸಿನಿಂದ ಇಬ್ಬರ ಊಟ ತರಿಸಿಟ್ಟು, ಬಾಗಿಲು ತೆರೆದೇ ಕೂತರು ನರಹರಿ. ಪ್ರತಿ ಹೆಜ್ಜೆ ಸದ್ದಿಗೂ ಎದ್ದರು. ಒಂದಾಯಿತು, ಮೂರಾಯಿತು. ಅನ್ನ ಗಟ್ಟಿಯಾಯಿತು. ಆರಕ್ಕೆ ಫೋನು ಬಂತು.

“ಏನ್ರಿ ಸರ್, ನಮ್ಮ ಮಾವನವರಿಗೆ ಹಿಂಗ ಮಾಡಬಹುದೇನ್ರಿ?” ನಳಿನಿ ಕೇಳಿದಳು. “ನಿಮ್ಮ ಗಲ್ಲ್ಯಾಗ ಹಸಿರು ಬಿಲ್ಡಿಂಗು ಎಲ್ಲಿ ಐತ್ರಿ?”

ಮುದುಕ ಎರಡು ಬಸ್ಸು ಬದಲಿಸಿ ಬಂದು ಆ ಗಲ್ಲಿಯಲ್ಲಿ ಬಿಸಿಲಲ್ಲಿ ನಾಲ್ಕು ಸಲ ತಿರುಗಿದ್ದರು. ಕೇಳಿದವರೆಲ್ಲ ಹಿಂದಿನ ಬೀದಿಯ ಹಸಿರು ಕಟ್ಟಡ ತೋರಿಸಿದರು. ಮೂರು ಮಹಡಿ ಹತ್ತಿದರು. ಅದು ಕೋಚಿಂಗ್ ಹುಡುಗಿಯರ ಹಾಸ್ಟೆಲ್. ಯಾರೋ ಚೀರಿದರು, ಯಾರೋ ಬೈದರು, ಅವರಿಗೆ ಒಂದೂ ಕೇಳಲಿಲ್ಲ. ವಾಚ್‌ಮನ್ ಬಂದು ತೋಳು ಹಿಡಿದು ಕೆಳಕ್ಕೆ ಎಳೆದುಕೊಂಡು ಹೋದ. ಗೇಟಿನ ಹೊರಗೆ ಮಂದಿ ನೆರೆದು ನೋಡುತ್ತಿದ್ದರು. ಮುದುಕ ಧೋತರದ ಚುಂಗು ಸರಿಮಾಡಿಕೊಂಡು, ಬಂದ ಬಸ್ಸಿನಲ್ಲೇ ವಾಪಸು ಹೋದರು. ಮನೆಯಲ್ಲಿ ಊಟ ಮಾಡಲಿಲ್ಲ.

ನರಹರಿ ಗೋಡೆ ಹಿಡಿದು ಮೂರು ಮಹಡಿ ಇಳಿದರು. ಕೆಳಗೆ ತಮ್ಮ ಕಟ್ಟಡದ ವಾಚ್‌ಮನ್ ಗಿಡಗಳಿಗೆ ನೀರು ಹಾಕುತ್ತಿದ್ದ.

“ಏಮಯ್ಯಾ, ಮನ ಬಿಲ್ಡಿಂಗ್ ಏ ರಂಗು?” ಎಂದು ತೆಲುಗಿನಲ್ಲೇ ಕಟ್ಟಡದ ಬಣ್ಣ ಕೇಳಿದರು.

“ಪಸುಪು ಸಾರ್,” ಎಂದ ಅವನು, ಏನೋ ಸಾಮಾನ್ಯ ಮಾತೆಂಬಂತೆ. ಅರಿಸಿನ ಬಣ್ಣ. ಆಮೇಲೆ ಯಾಕೆಂದು ಕೇಳಿದ, “ಎಂದುಕು ಸಾರ್?”

ನರಹರಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಗುರುವಾರ, ಶುಕ್ರವಾರ ಎರಡು ಸಲ ಸುಹಾಸಿನಿಯ ನಂಬರು ಒತ್ತಿ, ಗಂಟೆ ಬಾರಿಸುವ ಮೊದಲೇ ಇಟ್ಟರು. ಮೋಸಹೋದದ್ದಕ್ಕಿಂತ ಬೇರೊಂದು ಅವರನ್ನು ಕೊರೆಯುತ್ತಿತ್ತು. ಹಸಿರು ಹಚ್ಚಿದಮೇಲೆ ಮೆಟ್ಟಿಲು ತಂಪಾಗಿದೆ ಎಂದು ಅವರು ನಂಬಿದ್ದರು. ಬರೀ ನಂಬಿರಲಿಲ್ಲ, ಕಾಲಿಗೆ, ಕೈಗೆ ಆ ತಂಪು ತಾಗಿತ್ತು. ಎರಡು ಸಲ ಮಕ್ಕಳ ಮುಂದೆ ಹೇಳಿಯೂ ಇದ್ದರು. ಆಗ ಆ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು.

ಶನಿವಾರ ಒಂಬತ್ತಕ್ಕೆ ತನ್ವಿ ಬಂದಳು. ಎಂದಿನಂತೆ ಚಾಪೆ ಹಾಸಿ, ಪತ್ರಿಕೆ ತೆಗೆದು, ಮೊದಲ ಸುದ್ದಿ ಪೂರ್ತಿ ಓದಿದಳು. ನರಹರಿ ತಡೆಯಲಿಲ್ಲ. ಓದಿ ಮುಗಿದಮೇಲೆ ಕೇಳಿದರು:

“ತನ್ವಿ, ಪತ್ರಿಕ್ಯಾಗ ಇದು ಹಿಂಗಽ ಐತೇನು?”

“ಹೂಂ ಸರ್. ಹೀಗೇ ಇದೆ.”

“ಹೌದಂತ ನಾ ಹೆಂಗ ತಿಳಕೋಬೇಕವ್ವಾ?”

ಮೂಗು ಸೇದಿದ ಸದ್ದು ಬಂತು. ಅವಳು ಅಳುತ್ತಿದ್ದಾಳೆಂದು ತಿಳಿಯಲು ಅವರಿಗೆ ಯಾರ ಮಾತೂ ಬೇಕಿರಲಿಲ್ಲ.

“ಮೂರು ದಿನ ಆದ್ಮೇಲೆ ಫೋನ್ ಮಾಡಿ ಹೇಳ್ಬಿಡೋಣ ಅಂತ ಇತ್ತು ಸರ್. ನೀವೇ ಹೇಳಿದ್ರಲ್ಲ, ಮೂರು ದಿನ ಅಂತ. ಅದನ್ನ ನೋಡೋದಷ್ಟೇ. ಆದ್ರೆ ನೀವು ಆ ಬಣ್ಣದ ಬಗ್ಗೆ ಅಷ್ಟು ಖುಷಿಯಾಗಿ ಮಾತಾಡ್ತಿದ್ರಿ. ಆಮೇಲೆ ಹೇಳೋಕ್ಕೇ ಆಗ್ಲಿಲ್ಲ.”

ಹತ್ತಕ್ಕೆ ರೋಹಿತ, ಭಕ್ತಿ ಬಂದರು. ತನ್ವಿಯ ಅಳುವಿನಿಂದಲೇ ಅವರಿಗೆ ವಿಷಯ ಗೊತ್ತಾಯಿತು. ರೋಹಿತ ನಿಂತೇ ಇದ್ದ.

“ಐಡಿಯಾ ನಂದು ಸರ್. ತನ್ವಿ ಬೇಡ ಅಂದಿದ್ಲು.”

“ಬರದಿಟ್ಟೀಯೇನು?”

“ಏನು ಸರ್?”

“ಪ್ರಯೋಗ ಅಂದಮ್ಯಾಲ ಬರದಿಟ್ಟಿರ್ತಿ. ಓದು.”

ರೋಹಿತ ಬ್ಯಾಗಿನಿಂದ ನೋಟ್‌ಬುಕ್ ತೆಗೆದ. ಅವನ ದನಿ ಎಂದೂ ಇಷ್ಟು ಸಣ್ಣದಾಗಿರಲಿಲ್ಲ. “ಒಂದನೇ ದಿನ, ಶನಿವಾರ. ಸರ್ ನಂಬಿದರು. ನಾಲ್ಕನೇ ದಿನ, ತನ್ವಿ ಫೋನ್ ಮಾಡಿದಾಗಲೂ ಗೊತ್ತಾಗಿಲ್ಲ. ಎಂಟನೇ ದಿನ...” ನಿಂತ.

“ಓದಪಾ.”

“ಎಂಟನೇ ದಿನ. ಹಸಿರು ಬಣ್ಣದಿಂದ ಮೆಟ್ಟಿಲು ತಂಪಾಗಿದೆ ಎಂದು ಸರ್ ಹೇಳಿದರು.”

“ಮುಂದ?”

“ಹದಿನೈದನೇ ದಿನ. ಮತ್ತೆ ಹಾಗೇ ಹೇಳಿದರು. ಭಕ್ತಿ ಇನ್ನು ಸಾಕು ಅಂದಳು.”

ಭಕ್ತಿ ಮೆಲ್ಲಗೆ, “ಅಂದೆರಿ ಸರ್. ಆದ್ರ ನಾನೂ ನಿಮಗ ಹೇಳಲಿಲ್ಲಲ್ರಿ,” ಎಂದಳು.

ನರಹರಿ ಮುಖ ಸವರಿಕೊಂಡರು. ಬೈಯಬೇಕೆಂದು ಮೂರು ರಾತ್ರಿ ಕೂಡಿಟ್ಟುಕೊಂಡ ಮಾತುಗಳು ಬಾಯಿಗೆ ಬರಲಿಲ್ಲ. ಹುಡುಗ ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

“ಹತ್ತೊಂಬತ್ತಂತ ಬರಕೊ,” ಎಂದರು. “ಬುಧವಾರ ಸಂಜೀಕ ನನಗ ಗೊತ್ತಾತು. ಮೂರು ದಿನ ಅಂದಿದ್ದೆ, ಹತ್ತೊಂಬತ್ತು ಹಿಡೀತು. ನನ್ನ ಮಾತು ಸುಳ್ಳಾತು. ಯಾಕ ಸುಳ್ಳಾತು ಹೇಳ್ರಿ ನೋಡೂಣು.”

ಅವರೇ ಹೇಳಿದರು, ನಿಧಾನವಾಗಿ, ತಮಗೂ ಆಗಲೇ ತಿಳಿಯುತ್ತಿದ್ದವರಂತೆ. “ಸುಳ್ಳು ತಿಕ್ಕಬೇಕಾದ್ರ ನಾಕು ಮಂದಿ ಆ ಮಾತು ಆಡಬೇಕಲ್ಲ? ಬಣ್ಣದ ಮಾತು ನನ್ನ ಮುಂದ ಯಾರೂ ಎತ್ತಂಗಿಲ್ಲ. ವಾಚ್‌ಮನ್ ಎತ್ತಂಗಿಲ್ಲ, ಮೆಸ್ಸಿನವ ಎತ್ತಂಗಿಲ್ಲ. ಪಾಪ, ಇವರಿಗೆ ಬ್ಯಾಸರ ಆಗ್ತೈತಿ ಅಂತ. ಯಾರೂ ಮಾತಾಡದ ಜಾಗಾದಾಗ ಸುಳ್ಳು ನೂರು ವರ್ಷ ಬಾಳ್ತೈತಿ. ಇದು ನನಗ ಗೊತ್ತಿರಲಿಲ್ಲ.”

ಆಮೇಲೆ ಗುರುಸಿದ್ದಪ್ಪನವರ ವಿಷಯ ಹೇಳಿದರು. ಬಿಸಿಲು, ಹಾಸ್ಟೆಲ್ಲು, ತೋಳು ಹಿಡಿದು ಎಳೆದದ್ದು, ಒಂದನ್ನೂ ಬಿಡಲಿಲ್ಲ. “ನನಗ ಮಾಡಿದ್ದು ನಾ ನುಂಗತೀನಿ. ಆ ಮುದುಕಗ ಆದದ್ದು ಹೆಂಗ ನುಂಗಲಿ? ಅವರಿಗೆ ಹಸಿರು ಅಂತ ಹೇಳಿದಾಂವ ನಾನು.”

ರೋಹಿತ ಇನ್ನೂ ಕೂತಿರಲಿಲ್ಲ. “ಈಗಲೇ ಹೋಗೋಣ ಸರ್. ಉಪ್ಪಲ್‌ಗೆ.”

ತನ್ವಿ ಅಮ್ಮನಿಗೆ ಫೋನು ಮಾಡಿದಳು, ನಡೆದದ್ದನ್ನು ಅಡಗಿಸದೆ ಹೇಳಿದಳು. ಸುಹಾಸಿನಿ ಕಾರು ತರುತ್ತೇನೆಂದಳು. ನರಹರಿ ಬೇಡವೆಂದರು. ಗುರುಸಿದ್ದಪ್ಪ ಬಂದ ಬಸ್ಸಿನಲ್ಲೇ ಹೋಗುವುದು ಎಂದರು. ಸಿಕಂದರಾಬಾದಿನಲ್ಲಿ ಬದಲಿಸಿ, ನಿಂತು, ಬೆವರಿ, ಎರಡು ತಾಸಿಗೆ ಉಪ್ಪಲ್ ಮುಟ್ಟಿದರು. ದಾರಿಯುದ್ದಕ್ಕೂ ತನ್ವಿ ಅವರ ಕೈ ಹಿಡಿದಿದ್ದಳು. ಕೊಡವಿಕೊಳ್ಳಬೇಕೆಂದು ಒಮ್ಮೆ ಅನ್ನಿಸಿದರೂ ಅವರು ಕೊಡವಿಕೊಳ್ಳಲಿಲ್ಲ.

ನಳಿನಿ ಬಾಗಿಲು ತೆಗೆದು, “ಬರ್ರಿ,” ಎಂದಷ್ಟೇ ಅಂದಳು. ಗುರುಸಿದ್ದಪ್ಪ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ನರಹರಿಯ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು. “ಆಪರೇಟರ್ ಸಾಹೇಬ್ರ, ಇಷ್ಟು ದೂರ ಯಾಕ ಬಂದ್ರಿ ಬಿಸಿಲಾಗ!”

ರೋಹಿತ ಮುಂದೆ ಬಂದು ತಗ್ಗಿದ ದನಿಯಲ್ಲಿ, “ತಪ್ಪಾಯ್ತು ಅಜ್ಜ, ನಾವು ಸರ್‌ಗೆ ಸುಳ್ಳು ಹೇಳಿದ್ವಿ,” ಎಂದ.

“ಹಾಂ? ಹುಳ್ಳಿ? ಹುಳ್ಳಿ ಕಾಳು ತಂದೀರೇನು?”

“ಸುಳ್ಳು ಅಜ್ಜ!”

“ಜೋರಾಗಿ ಹೇಳೋ ತಮ್ಮಾ.”

ರೋಹಿತ ಉಸಿರೆಳೆದು ಕಿರುಚಿದ: “ನಾವು ಸುಳ್ಳು ಹೇಳಿದ್ವಿ! ಬಿಲ್ಡಿಂಗ್ ಹಳದಿ! ನಾವೇ ಹಸಿರು ಅಂದ್ವಿ! ನಿಮಗೆ ಅವಮಾನ ಆಗಿದ್ದು ನಮ್ಮಿಂದ!” ಪಕ್ಕದ ಮನೆಯ ಬಾಗಿಲು ತೆರೆದ ಸದ್ದು ಕೇಳಿತು. ಏನಾಯಿತೆಂದು ಯಾರೋ ತೆಲುಗಿನಲ್ಲಿ ಕೇಳಿದರು, ‘ಏಮೈಂದಿ?’ ಹುಡುಗ ನಿಲ್ಲಿಸಲಿಲ್ಲ. ಎರಡನೆಯ ಸಲವೂ ಅಷ್ಟನ್ನೂ ಕಿರುಚಿ ಹೇಳಿದ. ಅವನ ಗಂಟಲು ಒಡೆದಿತ್ತು.

ಗುರುಸಿದ್ದಪ್ಪ ಕೂತಿದ್ದ ಮಂಚ ಅಲುಗತೊಡಗಿತು. ಅವರು ನಗುತ್ತಿದ್ದಾರೆಂದು ನರಹರಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

“ಆ ವಾಚ್‌ಮನ್ ಕೈ ಹಿಡದದ್ದು ಮಾತ್ರ ನೋವಾತಪಾ, ಸುಳ್ಳ್ಯಾಕ ಹೇಳಲಿ,” ಎಂದರು. “ಎರಡು ದಿನ ಅನ್ನ ಸೇರಲಿಲ್ಲ. ನೀ ಬಂದು ಒದರಿದಿ, ಹೋತು. ಕುಂದರು.” ಆಮೇಲೆ ನರಹರಿಯ ಮಂಡಿ ತಟ್ಟಿದರು. “ಇವತ್ತ ನಾನೂ ಒಂದು ಹೇಳೇ ಬಿಡತೀನಿ ಸಾಹೇಬ್ರ. ನಿಮ್ಮ ಎಂ.ಎ. ಪುಸ್ತಕ ಓದಾಗ ನಾ ಹಾಳಿ ಹಾರಸ್ತಿದ್ದೆ.”

“ಏನಂದ್ರಿ?” ನರಹರಿ ಮೆಲ್ಲಗೆ ಅಂದದ್ದು ಅವರಿಗೆ ಕೇಳಲಿಲ್ಲ. ಅವರು ಹೇಳುತ್ತ ಹೋದರು.

“ಉಂಡ ಹೊಟ್ಟಿ, ಬಿಸಿಲು, ಆ ಸಂಸ್ಕೃತದ ಶಬ್ದ ನಾಲಿಗಿಗೆ ಹೊಳ್ಳತಿದ್ದಿಲ್ಲ. ಒಮ್ಮೊಮ್ಮೆ ಎರಡು ಹಾಳಿ ಕೂಡೇ ಹೊಳ್ಳಿಸಿಬಿಡ್ತಿದ್ದೆ. ನೀವು ‘ಹಂಗೇನು, ಹಂಗೇನು’ ಅಂತ ತಲಿ ಅಲ್ಲಾಡಿಸ್ತಿದ್ರಿ. ನೀವು ಪಾಸ್ ಆದಾಗ ನಾ ಮನಿಗೆ ಪೇಢೆ ಒಯ್ದೆ, ಖರೇ, ಆದ್ರ ಒಳಗ ಹೆದರಿಕಿ.”

ಮೂವತ್ತು ವರ್ಷ ಹಿಡಿದು ನಿಂತಿದ್ದ ಗೋಡೆಯೊಂದು ಕೈಗೆ ಸಿಗದೆ ಹೋದಂತಾಯಿತು ನರಹರಿಯವರಿಗೆ. ಇಷ್ಟು ಕಾಲ ತಾನು ತಿಳಿದವನೆಂದು ಮಾತಾಡಿದ್ದೆಲ್ಲ ಆ ದನಿಯ ಮೇಲೆ ನಿಂತಿತ್ತು. ಸಿಟ್ಟು ಬರಬೇಕಿತ್ತು. ಆದರೆ ಬುತ್ತಿ ಅರ್ಧಕ್ಕೆ ಬಿಟ್ಟು ಎಡವುತ್ತ, ಬೆವರುತ್ತ ಓದಿದ ಅದೇ ದನಿ ನೆನಪಾಯಿತು. ಹಾರಿಸಿದ್ದು ಅವರೇ, ಉಳಿದ ಸಾವಿರ ಹಾಳೆ ಓದಿದವರೂ ಅವರೇ.

“ಸರ್,” ರೋಹಿತ ಒಡೆದ ಗಂಟಲಿನಲ್ಲೇ ಕೇಳಿದ. ಅವನಿಗೆ ಕೇಳದೆ ಇರಲು ಆಗುತ್ತಿರಲಿಲ್ಲ. “ಹಾಗಾದ್ರೆ ನಿಮಗೆ ಗೊತ್ತಿರೋದು ಗೊತ್ತಿರೋದೇ ಅಲ್ವಾ?”

ನರಹರಿ ಯೋಚಿಸಿದರು. ಒಳಗೆ ನಳಿನಿ ಚಹಾಕ್ಕೆ ನೀರಿಡುವ ಸದ್ದು ಬಂತು.

“ನನಗ ಗೊತ್ತಿಲ್ಲಪಾ,” ಎಂದರು. ಅಂದವರೇ ನಕ್ಕುಬಿಟ್ಟರು. ಯಾಕೆ ನಗುತ್ತಾರೆಂದು ಗುರುಸಿದ್ದಪ್ಪನವರಿಗೆ ಭಕ್ತಿ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಬೇಕಾಯಿತು.

ಆ ಬೇಸಿಗೆಯಲ್ಲಿ ತರಗತಿ ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ರೋಹಿತ ಉಪ್ಪಲ್‌ಗೆ ಹೋಗಿ ಗುರುಸಿದ್ದಪ್ಪನವರನ್ನು ಬಸ್ಸಿನಲ್ಲಿ ಕರೆತರುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಪತ್ರಿಕೆಯ ಬದಲು ತನ್ವಿ ಕಪಾಟಿನಿಂದ ಎಂ.ಎ.ಯ ಆ ಹಳೆಯ ಪಠ್ಯಪುಸ್ತಕ ತೆಗೆದು ಮೊದಲ ಪುಟದಿಂದ ಓದತೊಡಗಿದಳು. ಮೊದಲ ಎರಡು ವಾರ ಅವಳ ದನಿ ಅಳುಕುತ್ತಿತ್ತು. ನರಹರಿಯೂ ಪ್ರತಿ ವಾಕ್ಯಕ್ಕೆ ಒಂದಿಷ್ಟು ತಡೆದು ಕೇಳುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ಇಬ್ಬರೂ ಅದನ್ನು ಮರೆತರು.

ಹಿಂದೆಂದೂ ಕೇಳಿಲ್ಲ ಎಂದು ನರಹರಿಗೆ ಖಾತ್ರಿಯಾದ ಜಾಗಗಳು ಮೂರು ಸಿಕ್ಕವು. ನಾಲ್ಕನೆಯದರಲ್ಲಿ ಜಗಳ ಬಿತ್ತು. ಆ ಪುಟ ತನಗೆ ಚೆನ್ನಾಗಿ ನೆನಪಿದೆ, ಓದಿದ ದಿನ ಹೊರಗೆ ಮಳೆ ಬರುತ್ತಿತ್ತು ಎಂದರು ನರಹರಿ. ಅದನ್ನು ತಾನು ಹಾರಿಸಿದ್ದು ತನಗೆ ಪಕ್ಕಾ ನೆನಪಿದೆ, ಅಂದು ಮಳೆಯೂ ಇರಲಿಲ್ಲ, ಏನೂ ಇರಲಿಲ್ಲ ಎಂದರು ಗುರುಸಿದ್ದಪ್ಪ. ಮಕ್ಕಳು ಎರಡು ಪಂಗಡವಾದರು. ಮಧ್ಯಾಹ್ನ, ಬೀದರಿನಿಂದ ವಾಪಸು ಬಂದಿದ್ದ ಕಮಲಾಕ್ಷಿ ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.